ಮದ್ದು ಹಾಕಿದವಳು

ಮೊನ್ನೆ ಕಂಪ್ಲಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಮುದುಕಿ ತಲೆಗೆ ಹರಳೆಣ್ಣೆ ತಟ್ಟಿಕೊಂಡು ಬಂದಿದ್ದಳು. ಅವಳ ತೊಡೆಯ ಮೇಲಿದ್ದ ಮಗು ವಾಂತಿ ಮಾಡಿಕೊಂಡಿತು. ಕಂಡಕ್ಟರು ಗೊಣಗುತ್ತ ಹಳೆಯ ಪೇಪರು ಹಾಸಿದ. ಮಗು ವಾಂತಿ ಮಾಡುವುದು ಅಂಥ ದೊಡ್ಡ ಸಂಗತಿಯೇನಲ್ಲ, ನಾನೂ ಇಬ್ಬರನ್ನು ಹೆತ್ತು ಸಾಕಿದವಳೇ. ಆದರೆ ಹರಳೆಣ್ಣೆ ಮತ್ತು ವಾಂತಿಯ ವಾಸನೆ ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ಸೀಟಿನಿಂದ ಎದ್ದುಬಿಟ್ಟೆ. ಬಸ್ಸು ನಿಲ್ಲಿಸಿ ದಾರಿಯಲ್ಲೇ ಇಳಿದುಬಿಟ್ಟೆ. ಆಗಷ್ಟೇ ನಾಟಿ ಮುಗಿದ ಗದ್ದೆಗಳು, ಕಾಲುವೆಯಲ್ಲಿ ತುಂಬು ನೀರು, ತಣ್ಣನೆಯ ಗಾಳಿ. ಎಲ್ಲ ಚೆನ್ನಾಗಿಯೇ ಇತ್ತು. ನನಗೆ ಮಾತ್ರ ಒಂದು ಶ್ರಾವಣ ನೆನಪಾಗಿ ಉಗುಳಬೇಕೆನಿಸಿತು. ಉಗುಳಿದೆ ಕೂಡ.

ಆ ವರ್ಷ ಮಳೆ ಚೆನ್ನಾಗಿತ್ತು. ಡ್ಯಾಮಿನ ಗೇಟು ತೆಗೆದಿದ್ದರಿಂದ ಹೊಸಪೇಟೆಯ ತುಂಬ ನೀರು ನೋಡಲು ಬಂದವರ ಗದ್ದಲ. ನಮ್ಮದು ಚಿತ್ತವಾಡ್ಗಿಯಲ್ಲಿ ಮನೆ. ನನ್ನ ಗಂಡನಿಗೆ ಬೈಕಿನ ಬಿಡಿ ಭಾಗಗಳ ಅಂಗಡಿ. ಮೈದುನ ಬಸವರಾಜ ಸಂಡೂರಿನ ಅದಿರಿನ ಕಂಪನಿಯೊಂದರಲ್ಲಿ ಲಾರಿಗಳ ಉಸ್ತುವಾರಿ ನೋಡುತ್ತಿದ್ದ. ವಾರಕ್ಕೊಮ್ಮೆ ಮನೆಗೆ ಬಂದಾಗ ಅವನ ಕಾಲರು, ಕಿವಿ, ಹುಬ್ಬು ಎಲ್ಲ ಕೆಂಪು. ನಾನು ಸಂಡೂರಿನಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಆ ಧೂಳನ್ನು ಒಗೆಯುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು. ಜೊತೆಗೆ ಒಂದು ಖಾಸಗಿ ಶಾಲೆಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೆ. ಬೆಳಿಗ್ಗೆ ಎದ್ದು ಇಡೀ ಮನೆಗೆ ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು ಶಾಲೆಗೆ ಓಡುವುದು. ಅತ್ತೆಗೆ ನನ್ನ ಕೈಯಡುಗೆ ಬಿಟ್ಟರೆ ಬೇರೆ ಸೇರುತ್ತಿರಲಿಲ್ಲ. ಹಾಗಂತ ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ, ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು, ಅಷ್ಟೇ.

ಬಸವರಾಜನಿಗೆ ಆ ವೈಶಾಖದಲ್ಲಿ ಕಂಪ್ಲಿಯ ಹುಡುಗಿಯೊಂದಿಗೆ ಮದುವೆಯಾಯಿತು. ಹೆಸರು ನೇತ್ರಾ. ತಂದೆಗೆ ಸಣ್ಣದೊಂದು ರೈಸ್ ಮಿಲ್ಲು. ಹುಡುಗಿ ಮೆತ್ತಗಿದ್ದಳು, ಮಾತು ಕಡಿಮೆ, ನಗು ಚೆಂದ. ಮದುವೆಯ ದಿನ ಭೂಮದ ಊಟಕ್ಕೆ ಕೂತಾಗಲೇ ಎಡವಟ್ಟಾಯಿತು. ಭೂಮವೆಂದರೆ ನಮ್ಮ ಕಡೆ ಹೊಸ ಗಂಡ ಹೆಂಡತಿ ಮತ್ತು ಎರಡೂ ಕಡೆಯ ಹತ್ತಿರದವರು ಒಂದೇ ದೊಡ್ಡ ತಾಟಿನ ಸುತ್ತ ಕೂತು ಉಣ್ಣುವ ಊಟ. ಗಂಡ ಹೋಳಿಗೆಯ ತುತ್ತನ್ನು ಬಾಯಿಗಿಟ್ಟ, ಹುಡುಗಿ ಅಗಿದಳು, ಅಗಿಯುತ್ತಲೇ ಇದ್ದಳು, ಕತ್ತು ಮೇಲೆತ್ತಿದಳು, ಕಣ್ಣಲ್ಲಿ ನೀರು ಬಂತು. ಕೊನೆಗೆ ಸೆರಗು ಅಡ್ಡ ಹಿಡಿದು ಅದನ್ನು ಕೈಗೆ ಉಗುಳಿಕೊಂಡಳು. ಸುತ್ತ ಕೂತ ಹೆಂಗಸರೆಲ್ಲ ಕೈ ಹಿಂದೆ ತೆಗೆದರು. ಭೂಮದ ತುತ್ತು ಉಗುಳಿದ ಸೊಸೆ ಎಂದು ಆ ಹುಡುಗಿಗೆ ಅಂದೇ ಹೆಸರು ಬಂತು.

ಆಷಾಢವೆಂದು ತವರಿಗೆ ಹೋದವಳು ಶ್ರಾವಣಕ್ಕೆ ಮರಳಿದಾಗ ಕುಪ್ಪಸದ ತೋಳು ಸಡಿಲವಾಗಿತ್ತು. ಊಟಕ್ಕೆ ಕೂತರೆ ರೊಟ್ಟಿಯನ್ನು ಕಡಲೆಯಷ್ಟು ಚೂರು ಮಾಡಿ ಒಂದೊಂದನ್ನೇ ನೀರಿನ ಜೊತೆ ಇಳಿಸುವುದು. ಒಮ್ಮೊಮ್ಮೆ ಇಳಿಯುತ್ತಿತ್ತು. ಒಮ್ಮೊಮ್ಮೆ ಎದೆಯ ಮೇಲ್ಭಾಗದಲ್ಲಿ ನಿಂತು, ಗೊಳಕ್ಕೆಂದು ಸದ್ದು ಮಾಡಿ ವಾಪಸು ಬರುತ್ತಿತ್ತು. ಅಂಬಲಿ, ಹಾಲು, ತಿಳಿಸಾರು ಮಾತ್ರ ಸಲೀಸು. ಆ ಸದ್ದು ಕೇಳಲು ಹಿತವಾಗಿರಲಿಲ್ಲ, ನಿಜ. ಆದರೆ ನನಗೆ ಅದಕ್ಕಿಂತ ಅಸಹ್ಯವೆನಿಸಿದ್ದು ನಮ್ಮತ್ತೆಯ ಕಣ್ಣು. ತಾವು ಗಬಗಬನೆ ಉಣ್ಣುತ್ತಲೇ ಎದುರಿಗಿದ್ದ ಹುಡುಗಿಯ ಗಂಟಲನ್ನು ದಿಟ್ಟಿಸುತ್ತಿದ್ದರು. ಪಕ್ಕದ ಮನೆಯವರೂ ಒಂದು ಹಿಡಿ ಕರಿಬೇವು ಕೇಳುವ ನೆಪದಲ್ಲಿ ಸರಿಯಾಗಿ ಊಟದ ಹೊತ್ತಿಗೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಏನವಾ, ನಮ್ಮ ಮನಿ ರೊಟ್ಟಿ ನಿನ್ನ ಗಂಟ್ಲಾಗ ಇಳೀವಲ್ದೇನು?" ಎಂದರು ಅತ್ತೆ ಒಂದು ದಿನ.

"ಹಂಗಲ್ರಿ ಅತ್ತಿ, ಇಲ್ಲಿ ಏನೋ ಅಡ್ಡ ನಿಂತಂಗ ಆಗ್ತೈತ್ರಿ," ಎಂದು ನೇತ್ರಾ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು.

"ನಮ್ಗ್ಯಾರ್ಗೂ ನಿಂತಿಲ್ಲಲ್ಲ."

ಡಾಕ್ಟರಿಗೆ ತೋರಿಸಲಿಲ್ಲವೇ ಎಂದರೆ ತೋರಿಸಿದರು. ಮೊದಲನೆಯವನು ತಲೆಯೆತ್ತಿ ಮುಖವನ್ನೂ ನೋಡದೆ ಗ್ಯಾಸಿನ ಮಾತ್ರೆ ಬರೆದ. ಎರಡನೆಯವನು ಹುಡುಗಿಯನ್ನು ಏನೂ ಕೇಳದೆ ಬಸವರಾಜನ ಕಡೆ ತಿರುಗಿ, ಹೊಸ ಮದುವೆಯಲ್ಲವೇ, ಟೆನ್ಶನ್ನು, ನೀವು ಚೆನ್ನಾಗಿ ನೋಡಿಕೊಂಡರೆ ತಾನೇ ಸರಿಹೋಗುತ್ತದೆ ಎಂದು ಹಲ್ಲುಕಿರಿದನಂತೆ. ಬಸವರಾಜ ಅದನ್ನು ಮನೆಗೆ ಬಂದು ಜೋಕಿನಂತೆ ಹೇಳಿದ. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಗಂಟಲಿನ ರೋಗ ಹೇಳಲು ಹೋದವಳಿಗೆ ಮಲಗುವ ಕೋಣೆಯ ಸಲಹೆ ಕೊಟ್ಟು ಕಳಿಸುವ ಡಾಕ್ಟರನನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಷ್ಟರಲ್ಲಿ ನೇತ್ರಾಳ ತಾಯಿ ಗೌರಮ್ಮ ಕಂಪ್ಲಿಯಿಂದ ಬಂದಿಳಿದರು. ಒಳಗೆ ಬಂದು ನೀರು ಕುಡಿಯುವ ಮೊದಲೇ ಹಣೆ ಬಡಿದುಕೊಂಡರು.

"ನಮ್ಮ ಮನ್ಯಾಗ ಕಲ್ಲು ಕೊಟ್ರೂ ಅರಗಿಸ್ಕೊಂತಿದ್ಲು ನನ್ನ ಮಗಳು. ಇಲ್ಲಿಗೆ ಬಂದ ಮ್ಯಾಲ ಹಿಂಗ ಆಗೈತಿ. ಬೀಗತಿಯವರೇ, ನಾ ಯಾರ ಹೆಸ್ರೂ ಹೇಳಂಗಿಲ್ರಿ. ಆದ್ರ ಯಾರೋ ಮದ್ದು ಹಾಕ್ಯಾರ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊಟ್ಟೆಕಿಚ್ಚಿಗೋ, ವಶ ಮಾಡಿಕೊಳ್ಳಲೋ, ಊಟದಲ್ಲಿ ಏನನ್ನೋ ಬೆರೆಸಿ ಹಾಕುತ್ತಾರೆ, ಅದು ಹೊಟ್ಟೆಯ ಒಳಗೋಡೆಗೆ ಅಂಟಿಕೊಂಡು ಬೆಳೆಯುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ ಎಂಬ ನಂಬಿಕೆ. ಅದಕ್ಕೇ ಮದ್ದು ಎನ್ನುತ್ತಾರೆ. ಅದನ್ನು ಕಕ್ಕಿಸಿ ಹೊರತೆಗೆಯುವವರು ಬೇರೆ ಇರುತ್ತಾರೆ. ನಮ್ಮ ಮನೆಯವರು ತೋರಿಸಲು ಹೋದವನು ಕಂಪ್ಲಿಯ ಆಚೆ ಒಂದು ಹಳ್ಳಿಯಲ್ಲಿದ್ದ. ಜಡೆ, ವಿಭೂತಿ ಏನೂ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪ್ಲಾಸ್ಟಿಕ್ ಕುರ್ಚಿ, ಜೇಬಿನಲ್ಲಿ ಒಳ್ಳೆಯ ಮೊಬೈಲು. ಅಂಗಳದಲ್ಲಿ ಸಾಲಾಗಿ ಕೂತವರನ್ನು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಅತ್ತೆ, ಗೌರಮ್ಮ, ಬಸವರಾಜ, ನೇತ್ರಾ ಹೋದರು. ಟವೆಲು, ನೀರಿನ ಬಾಟಲಿ ಹಿಡಿಯಲು ನನ್ನನ್ನೂ ಕರೆದುಕೊಂಡು ಹೋದರು.

ಅವನು ಯಾವುದೋ ಸೊಪ್ಪಿನ ರಸಕ್ಕೆ ಹರಳೆಣ್ಣೆ, ಉಪ್ಪುನೀರು ಕಲಸಿ ಚೊಂಬು ತುಂಬ ಕುಡಿಸಿದ. ಆಮೇಲೆ ಎರಡು ಬೆರಳನ್ನು ಹುಡುಗಿಯ ಗಂಟಲೊಳಗೆ ಹಾಕಿದ. ಅದಕ್ಕೂ ಮೊದಲು ಯಾರ ಯಾರ ಬಾಯಲ್ಲಿ ಹಾಕಿದ್ದನೋ, ತೊಳೆದದ್ದನ್ನು ನಾನು ನೋಡಲಿಲ್ಲ. ನೇತ್ರಾ ಎರಡು ಕೈಯನ್ನೂ ನೆಲಕ್ಕೂರಿ ವಾಕರಿಸಿದಳು. ಕತ್ತಿನ ನರಗಳು ಉಬ್ಬಿ ಮುಖ ನೀಲಿಗಟ್ಟಿತು. ಮೂಗಿನಿಂದಲೂ ಬಂತು. ಸಾಕು ಬಿಡ್ರಿ ಎಂದು ನಾನು ಮುಂದೆ ಹೋದರೆ ಗೌರಮ್ಮ ನನ್ನ ರಟ್ಟೆ ಹಿಡಿದು ಎಳೆದರು. ಕೊನೆಗೆ ಅವನು ಅವಳ ಬಾಯಿಂದ ಕೈ ತೆಗೆದು, ಬೊಗಸೆಯಲ್ಲಿ ಒಂದು ಕಪ್ಪು ಉಂಡೆಯನ್ನು ತೋರಿಸಿದ. ಕೂದಲು, ನಾರು, ಏನೋ ಅಂಟು. ಸುತ್ತಲಿದ್ದವರು ಮೂಗು ಮುಚ್ಚಿಕೊಂಡೇ ಹತ್ತಿರ ಬಂದು ನೋಡಿದರು. ಅವನು ಅದನ್ನು ಕಡ್ಡಿಯಿಂದ ಸೀಳಿದಾಗ ನಾನೂ ಬಗ್ಗಿ ನೋಡಿದೆ. ಒಳಗೆ ಒಣಗಿತ್ತು. ಚೊಂಬು ನೀರು ಕುಡಿದ ಹೊಟ್ಟೆಯಿಂದ ಬಂದ ಉಂಡೆ ಒಳಗೆ ಅಷ್ಟು ಒಣಗಿರಲು ಸಾಧ್ಯವಿಲ್ಲ, ಅದು ಅವನ ಬೆರಳ ಸಂದಿಯಿಂದ ಬಂದದ್ದು.

"ಇದು ಬೇರಲ್ಲ, ಬರೇ ತುದಿ," ಎಂದ ಅವನು. "ಬೇರು ಒಳಗ ಐತಿ. ಅಮಾಸಿ ದಿನ ಕರ್ಕೊಂಡ್ ಬರ್ರಿ, ಕೊಳವಿ ಇಳಿಸಿ ತೆಗಿತೀನಿ."

"ಯಾರ್ ಹಾಕ್ಯಾರಪ್ಪ?" ಎಂದು ಕೇಳಿದರು ಅತ್ತೆ.

ಅವನು ಸುತ್ತ ನೋಡಿದ. ಟವೆಲು ಹಿಡಿದು ಸೊಸೆಯಂತೆ ನಿಂತವಳು ನಾನೊಬ್ಬಳೇ. "ಹೊರಗಿನವ್ರಲ್ಲ. ಬಡಿಸೋ ಕೈ. ಈ ಹುಡ್ಗಿಗಿಂತ ಮೊದ್ಲ ನಿಮ್ಮ ಹೊಸ್ತಿಲು ದಾಟಿ ಬಂದಾಕಿ," ಎಂದ. ಎಲ್ಲರೂ ನನ್ನನ್ನು ನೋಡಿದರು. ನೇತ್ರಾ ಮಾತ್ರ ನೋಡಲಿಲ್ಲ, ಇನ್ನೂ ನೆಲದ ಮೇಲೆ ಕೆಮ್ಮುತ್ತಿದ್ದಳು. ನಾನು ಅವಳ ಮೂಗು, ಬಾಯಿ ಒರೆಸಿ ಎಬ್ಬಿಸಿದೆ.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅತ್ತೆ ಒಲೆಯ ಮುಂದೆ ಕೂತಿದ್ದರು. ಮೊಣಕಾಲು ನೋವೆಂದು ವರ್ಷಗಳಿಂದ ಅಡುಗೆಮನೆಗೆ ಬಾರದವರು ಹಿಟ್ಟು ನಾದುತ್ತಿದ್ದರು. ಉಪ್ಪಿನ ಡಬ್ಬಿ, ಹುಣಸೆಹಣ್ಣು, ಮಸಾಲೆ ಪುಡಿ ಎಲ್ಲ ಅವರ ಕೋಣೆ ಸೇರಿದವು. ನಾನು ಮುಟ್ಟಿದ ನೀರಿನ ಕೊಡವನ್ನು ಬಗ್ಗಿಸಿ ತೊಳೆದರು. ಪಕ್ಕದ ಮನೆಯವರು ಶುಕ್ರವಾರದ ಅರಿಶಿನ ಕುಂಕುಮಕ್ಕೆ ನಾನು ಕೊಟ್ಟ ತೆಂಗಿನ ಹೋಳನ್ನು ನಗುನಗುತ್ತ ಇಸಿದುಕೊಂಡು ನಮ್ಮ ಕಟ್ಟೆಯ ಮೇಲೇ ಮರೆತುಹೋದರು. ನನ್ನ ಗಂಡನಿಗೆ ಹೇಳಿದೆ.

"ನೀ ಏನೂ ಮಾತಾಡಬ್ಯಾಡ. ಅವ್ವಂದು ನಾಕು ದಿನದ ಆಟ, ತಾನ ಸರಿ ಹೋಗ್ತೈತಿ," ಎಂದ.

"ನೀವು ನಂಬ್ತೀರೇನು?"

"ಏ, ಛೀ, ನಾ ಯಾಕ ನಂಬ್ಲಿ."

ಹಾಗೆಂದವನು ಆ ವಾರ ಮಧ್ಯಾಹ್ನ ಊಟದ ಡಬ್ಬಿ ಒಯ್ಯಲಿಲ್ಲ. ಅಂಗಡಿಯ ಪಕ್ಕದಲ್ಲೇ ಮಂಡಕ್ಕಿ ಮಿರ್ಚಿ ತಿಂದೆ, ಹೊಟ್ಟೆ ತುಂಬಿದೆ ಎನ್ನುತ್ತಿದ್ದ. ಒಲೆ ಅತ್ತೆಯ ಕೈಗೆ ಹೋದರೂ ಅವನ ಡಬ್ಬಿ ಕಟ್ಟುವವಳು ಇನ್ನೂ ನಾನೇ ಆಗಿದ್ದೆ. ಅತ್ತೆಯ ಮೇಲೆ ಬಂದದ್ದು ಸಿಟ್ಟು, ಇವನ ಮೇಲೆ ಬಂದದ್ದು ಹೇಸಿಗೆ. ಸಿಟ್ಟಾದರೆ ಇಳಿಯುತ್ತದೆ.

ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ನನಗೆ ನನ್ನ ಹೆಸರಿನ ಚಿಂತೆಗಿಂತ ಆ ಕೊಳವೆಯ ಚಿಂತೆ ಹೆಚ್ಚಾಗಿತ್ತು. ಹೊಲಕ್ಕೆ ಔಷಧಿ ಹೊಡೆಯುವ ಪಂಪಿನ ರಬ್ಬರು ಕೊಳವೆ ಅವನ ಕುರ್ಚಿಯ ಹಿಂದೆ ಮೊಳೆಗೆ ನೇತುಬಿದ್ದಿದ್ದನ್ನು ನಾನೇ ನೋಡಿದ್ದೆ. ಶ್ರಾವಣ ಸೋಮವಾರ ನೇತ್ರಾಳನ್ನು ಹಂಪಿಗೆ ಕರೆದುಕೊಂಡು ಹೋಗಿ ವಿರೂಪಾಕ್ಷನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇನೆಂದೆ. ಅತ್ತೆ ಅನುಮಾನದಿಂದ ನೋಡಿದರು. ದೇವರ ಹೆಸರು ಹೇಳಿದ್ದರಿಂದ ಬೇಡವೆನ್ನಲು ಬಾಯಿ ಬರಲಿಲ್ಲ. ಉಪವಾಸದ ದಿನವಾದ್ದರಿಂದ ಹುಡುಗಿಯ ಹೊಟ್ಟೆಯೂ ಖಾಲಿಯಿತ್ತು. ನಾನು ಅವಳನ್ನು ಮೊದಲು ಕರೆದೊಯ್ದದ್ದು ಹೊಸಪೇಟೆಯ ಒಂದು ಆಸ್ಪತ್ರೆಗೆ. ಅಲ್ಲಿಗೆ ಸೋಮವಾರಗಳಂದು ಬೇರೆ ಊರಿನಿಂದ ಹೊಟ್ಟೆ, ಅನ್ನನಾಳದ ಡಾಕ್ಟರಮ್ಮ ಒಬ್ಬರು ಬರುತ್ತಿದ್ದರು.

ಡಾಕ್ಟರಮ್ಮನಿಗೆ ನನಗಿಂತ ಚಿಕ್ಕ ವಯಸ್ಸು, ನನಗಿಂತ ಹೆಚ್ಚು ಸಿಡುಕು. ಎಂಡೋಸ್ಕೋಪಿ ಮುಗಿಸಿ ಹೊರಗೆ ಬಂದವರು ಕೈಗವಸು ಕಿತ್ತು ಬುಟ್ಟಿಗೆ ಎಸೆದರು.

"ಇವಳ ಗಂಟಲನ್ನು ಯಾರು ಹೀಗೆ ಗೀರಿದ್ದು?" ಎಂದು ಕೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕಾಗದದ ಮೇಲೆ ಅನ್ನನಾಳದ ಚಿತ್ರ ಬರೆದು ನನ್ನ ಕಡೆ ತಿರುಗಿಸಿದರು.

"ಅನ್ನನಾಳದ ಒಳಗೆ ಏನೂ ಇಲ್ಲ. ಗಂಟಿಲ್ಲ, ಹುಣ್ಣಿಲ್ಲ. ಆದರೆ ಹಿಂದಿನಿಂದ ಏನೋ ಅಡ್ಡಲಾಗಿ ಒತ್ತುತ್ತಿದೆ, ಅದು ಮಿಡಿಯುತ್ತಿದೆ. ನಾನು ಕೊಳವೆಯ ತುದಿಯನ್ನು ಅದರ ಮೇಲೆ ಒತ್ತಿ ಹಿಡಿದೆ. ಬಲಗೈ ನಾಡಿ ಹಿಡಿದಿದ್ದ ನರ್ಸು, ಮೇಡಂ ನಾಡಿ ಹೋಯಿತು ಎಂದಳು. ಕೊಳವೆ ಸಡಿಲಿಸಿದೆ, ನಾಡಿ ಬಂತು. ಅಂದರೆ ಅಲ್ಲಿ ಹಾದುಹೋಗಿರುವುದು ಬಲಗೈಯ ರಕ್ತನಾಳ. ಅದು ಇರಬೇಕಾದ ಜಾಗ ಅದಲ್ಲ."

ಇದು ಯಾವಾಗಿನಿಂದ ಎಂದು ಅವರು ನೇತ್ರಾಳನ್ನು ಕೇಳಿದರು. ಅವಳು ನನ್ನ ಮುಖ ನೋಡಿ, ಮದುವೆಯಾದ ಮೇಲೆ ಎಂದಳು. ಹುಟ್ಟಿದಾಗಿನಿಂದ ಇರುವಂಥದ್ದು ಇದು ಎಂದು ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, ಗಂಡನನ್ನು ಕರೆತನ್ನಿ, ಸಿ.ಟಿ. ಸ್ಕ್ಯಾನ್ ಆಗಬೇಕು ಎಂದರು. ಇನ್ನೊಂದು ಸಲ ಯಾರೂ ಇವಳನ್ನು ಬಲವಂತದಿಂದ ವಾಂತಿ ಮಾಡಿಸಕೂಡದು ಎಂಬುದನ್ನು ಎರಡೆರಡು ಬಾರಿ ಹೇಳಿದರು.

ಹೇಳಿ ಬಂದಿದ್ದಕ್ಕೆ ಹಂಪಿಗೂ ಹೋದೆವು. ದರ್ಶನ ಮುಗಿಸಿ ಹಂಪಿ ಬಜಾರಿನ ಕಲ್ಲುಮಂಟಪದ ನೆರಳಿನಲ್ಲಿ ಕೂತಾಗ ನೇತ್ರಾ ತಾನಾಗಿಯೇ ಬಾಯಿಬಿಟ್ಟಳು.

"ಅಕ್ಕಾ, ಡಾಕ್ಟರಮ್ಮ ಹೇಳಿದ್ದು ಖರೇರಿ. ಸಣ್ಣಾಕಿ ಇದ್ದಾಗಿಂದ ಹಿಂಗ ಐತ್ರಿ. ಸಾಲ್ಯಾಗ ಬುತ್ತಿ ಬಿಚ್ಚಿದ್ರ ಎಲ್ಲಾರ್ದು ಮುಗಿದ್ರೂ ನಂದು ಮುಗೀತಿರ್ಲಿಲ್ಲ. ಅವ್ವ ರೊಟ್ಟಿ ಹಾಲಿನ್ಯಾಗ ನೆನಸಿ ಕೊಡ್ತಿದ್ಲು. ಮದುವಿ ಆಗೋತನಕ ಯಾರ ಮುಂದೂ ರೊಟ್ಟಿ ತಿನ್ಬ್ಯಾಡ ಅಂದಿದ್ಲು."

"ಮತ್ತ ನಿಮ್ಮವ್ವ ಎಲ್ಲಾರ ಮುಂದ ಹಂಗ್ಯಾಕ ಅಂದ್ಲು?"

"ರೋಗದ ಹುಡ್ಗೀನ ಕಟ್ಯಾರ ಅಂತ ನನ್ನ ವಾಪಸ್ ಕಳಿಸ್ತಾರ ಅಂತ ಅಂಜಿಕಿ ಆಕಿಗೆ. ನಿಮ್ಮ ಹೆಸರು ಬರತೈತಿ ಅಂತ ಆಕಿಗೂ ಗೊತ್ತಿರ್ಲಿಲ್ರಿ. ಅಕ್ಕಾ, ಮನ್ಯಾಗ ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಹೇಳುವುದಿಲ್ಲ ಎಂದೆ. ಕಾಲು ಹಿಡಿಯಲು ಬಂದ ಹುಡುಗಿಯ ಮಣಿಕಟ್ಟು ನನ್ನ ಎರಡು ಬೆರಳಿನೊಳಗೆ ಹಿಡಿಸುವಷ್ಟು ತೆಳ್ಳಗಿತ್ತು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಗಳ ಗಂಟಲನ್ನು ಮುಚ್ಚಿಡಲು ಇನ್ನೊಬ್ಬಳ ಅನ್ನಕ್ಕೆ ವಿಷದ ಹೆಸರಿಟ್ಟ ಆ ತಾಯಿಯನ್ನು ನೆನೆದು ಬಾಯೆಲ್ಲ ಕಹಿಯಾಯಿತು. ಎದುರಿಗೆ ಪ್ರವಾಸಿಗರು ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅಲ್ಲಿಂದಲೇ ಬಸವರಾಜನಿಗೆ ಫೋನು ಮಾಡಿ, ಅಂದೇ ಸಂಜೆ ಮನೆಗೆ ಬರದೆ ನೇರವಾಗಿ ಸ್ಕ್ಯಾನಿಂಗ್ ಸೆಂಟರಿಗೆ ಬಾ ಎಂದೆ. ಗಣಿಯಿಂದ ಕೆಂಪು ಧೂಳಿನ ಸಮೇತ ಬಂದ. ಸ್ಕ್ಯಾನು ಮುಗಿದ ಮೇಲೆ ಡಾಕ್ಟರಮ್ಮ ಅದನ್ನು ನೋಡಿ ಇಬ್ಬರಿಗೂ ವಿವರಿಸಿದರು. ನಾನು ವರ್ಷವೂ ಬೋರ್ಡಿನ ಮೇಲೆ ಬರೆಯುವ ಚಿತ್ರವೇ ಅದು. ಹೃದಯದಿಂದ ಹೊರಟ ದೊಡ್ಡ ನಾಳ ಮೇಲೆ ಬಾಗುವಲ್ಲಿ ಮೂರು ಕವಲು, ಅದರಲ್ಲಿ ಮೊದಲನೆಯದು ಬಲಗಡೆಗೆ ಹೋಗುತ್ತದೆ. ನೇತ್ರಾಳ ಎದೆಯಲ್ಲಿ ನಾಲ್ಕು ಕವಲಿದ್ದವು. ಬಲಗೈಗೆ ಹೋಗುವ ನಾಳ ಎಲ್ಲಕ್ಕಿಂತ ಕೊನೆಯಲ್ಲಿ, ಎಡಗಡೆಯಿಂದ ಹುಟ್ಟಿ, ಅನ್ನನಾಳದ ಬೆನ್ನ ಹಿಂದೆ ತೂರಿ ಬಲಕ್ಕೆ ಹೋಗಿತ್ತು. ಹಾಗೆ ಹುಟ್ಟುವವರು ಅಪರೂಪಕ್ಕೆ ಇರುತ್ತಾರಂತೆ, ಹೆಚ್ಚಿನವರಿಗೆ ಏನೂ ತೊಂದರೆಯಾಗುವುದಿಲ್ಲವಂತೆ. ಇವಳಿಗೆ ಆ ನಾಳದ ಬುಡವೇ ಊದಿಕೊಂಡು ಅನ್ನನಾಳವನ್ನು ಅಮುಕುತ್ತಿತ್ತು.

"ಈ ಊದಿದ ಜಾಗದ ಗೋಡೆ ತೆಳ್ಳಗಿದೆ," ಎಂದರು ಡಾಕ್ಟರಮ್ಮ. "ಒಡೆದರೆ ಆಸ್ಪತ್ರೆ ಮುಟ್ಟುವಷ್ಟು ಸಮಯವೂ ಸಿಗುವುದಿಲ್ಲ. ಅವತ್ತು ಆ ಅಂಗಳದಲ್ಲಿ ಒಡೆಯಲಿಲ್ಲವಲ್ಲ, ಅದು ನಿಮ್ಮ ಪುಣ್ಯ. ಆಪರೇಷನ್ ಆಗಲೇಬೇಕು, ಬೆಂಗಳೂರಿಗೆ ಬರೆದುಕೊಡುತ್ತೇನೆ."

ಬಸವರಾಜ ನನ್ನ ಕಡೆ ತಿರುಗಿದ. "ಅವ್ವಗ ಏನ್ ಹೇಳ್ಲಿ, ವೈನಿ?" ಎಂದ. ಹೆಂಡತಿಯ ಎದೆಯಲ್ಲಿ ನಾಳ ಒಡೆಯುವ ಸುದ್ದಿ ಕೇಳಿದ ಗಂಡನ ಮೊದಲ ಮಾತು ಅದು.

ಅವ್ವನಿಗೆ ಹೇಳಿದ್ದಾಯಿತು. ಅಂದು ಮನೆಯಲ್ಲಿ ಗೌರಮ್ಮನೂ ಇದ್ದರು. ಆಪರೇಷನ್ ಎಂದ ಕೂಡಲೇ ಇಬ್ಬರು ಬೀಗತಿಯರೂ ಒಂದಾದರು. ಮೊದಲು ಅಮಾವಾಸ್ಯೆಗೆ ಮದ್ದಿನ ಬೇರು ಹೊರಗೆ ಬರಲಿ, ಆಮೇಲೆ ಬೇಕಾದರೆ ಆಪರೇಷನ್ ಎಂದರು. ನೇತ್ರಾ ಕಂಬಕ್ಕೊರಗಿ ತಾಯಿಯನ್ನೇ ನೋಡುತ್ತ ಕೂತಿದ್ದಳು. ತಾಯಿ ಅವಳ ಕಡೆ ತಿರುಗಲಿಲ್ಲ. ಕೊಟ್ಟ ಮಾತಿಗೆ ನಾನು ಹಂಪಿಯ ಸಂಗತಿ ಎತ್ತಲಿಲ್ಲ. ಬದಲಿಗೆ, "ಅಮಾಸಿ ದಿನ ಈ ಹುಡ್ಗೀನ ಆ ಮನಿಶಾನ ಹತ್ರ ಯಾರರ ಕರ್ಕೊಂಡ್ ಹೋದ್ರ ನಾ ಸೀದಾ ಪೊಲೀಸ್ ಠಾಣೆಗೆ ಹೋಗ್ತೀನಿ," ಎಂದೆ.

ಅತ್ತೆ ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ, ನನಗೆ ಕೇಳಿಸಲೆಂದೇ, ಗೌರಮ್ಮನಿಗೆ ಹೇಳಿದರು: "ನೋಡಿದ್ರೇನ್ರಿ. ಬೇರು ಹೊರಗ ಬಂದ್ರ ತನ್ನ ಹೆಸ್ರು ಬರತೈತಿ ಅಂತ ಹೆಂಗ ಅಂಜ್ಯಾಳ."

ಗೌರಮ್ಮ ತಲೆಯಾಡಿಸಿದರು. ಗೊತ್ತಿದ್ದೂ ತಲೆಯಾಡಿಸಿದರು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ, ಎಷ್ಟು ತೊಳೆದರೂ ಅವರ ಕಣ್ಣು ಮೈಗೆ ಮೆತ್ತಿಕೊಂಡ ಹಾಗೆಯೇ ಇತ್ತು. ಏನೇ ಆಗಲಿ, ಪೊಲೀಸರ ಹೆಸರಿಗೆ ಬಸವರಾಜ ಹೆದರಿದ. ಕಂಪನಿಯ ವಿಮೆಗೆ ಓಡಾಡಿ, ಅಮಾವಾಸ್ಯೆಗೆ ಮೊದಲೇ ನೇತ್ರಾಳೊಂದಿಗೆ ಬೆಂಗಳೂರಿನ ರೈಲು ಹತ್ತಿದ. ನಾನು ಶಾಲೆಗೆ ರಜೆ ಬರೆದು ಅವರ ಜೊತೆ ಹೊರಟೆ, ಗೌರಮ್ಮನೂ ಬಂದರು.

ಅಲ್ಲಿನ ಸರ್ಜನ್ನು ಗಂಭೀರ ಮನುಷ್ಯ. ಕೆಲಸ ಎರಡು ಹಂತದಲ್ಲಿ ಎಂದರು. ಮೊದಲು ಕತ್ತಿನ ಬುಡದಲ್ಲಿ ಕೊಯ್ದು, ಬಲಗೈಯ ನಾಳವನ್ನು ಪಕ್ಕದಲ್ಲೇ ತಲೆಗೆ ಹೋಗುವ ನಾಳಕ್ಕೆ ಜೋಡಿಸುವುದು. ಕೈಗೆ ರಕ್ತ ಆ ಹೊಸ ಹಾದಿಯಲ್ಲಿ ಹರಿಯುತ್ತದೆ. ಆಮೇಲೆ ಪಕ್ಕೆಯಿಂದ ಎದೆ ತೆರೆದು, ಊದಿದ ಬುಡವನ್ನು ಕತ್ತರಿಸಿ, ದೊಡ್ಡ ನಾಳದ ಗೋಡೆಗೆ ತೇಪೆ ಹಾಕುವುದು. ಮೊದಲನೆಯದು ತಪ್ಪಿದರೆ ಕೈ ಹೋಗಬಹುದು, ಎರಡನೆಯದು ತಪ್ಪಿದರೆ ಜೀವ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಇಡೀ ಮಳೆಗಾಲದಲ್ಲಿ ನಾನು ಕೇಳಿದ ಶುದ್ಧ ಮಾತು ಅದೊಂದೇ ಎನಿಸಿತು.

ಒಳಗೆ ಕರೆದೊಯ್ಯುವಾಗ ನೇತ್ರಾ ನನ್ನ ಕೈ ಹಿಡಿದಳು, ಗಂಡನದ್ದಲ್ಲ, ತಾಯಿಯದ್ದೂ ಅಲ್ಲ. "ಅಕ್ಕಾ, ನೀವು ಎಲ್ಲೂ ಹೋಗಬ್ಯಾಡ್ರಿ, ಇಲ್ಲೇ ಇರ್ರಿ," ಎಂದಳು. ಇಲ್ಲೇ ಇರುತ್ತೇನೆಂದೆ. ಬಾಗಿಲು ಮುಚ್ಚಿದ ಮೇಲೆ ಕಾಯುವ ಹಾಲ್‌ನಲ್ಲಿ ಕೂತೆವು. ಫಿನಾಯಿಲು, ಬೆವರು, ಯಾರೋ ಬಿಚ್ಚಿದ ಚಿತ್ರಾನ್ನ ಎಲ್ಲದರ ವಾಸನೆ. ಗೌರಮ್ಮ ಸೆರಗಿನ ಗಂಟು ಬಿಚ್ಚಿ ಕಪ್ಪು ದಾರವೊಂದನ್ನು ತೆಗೆದರು. ಹಳ್ಳಿಯ ಆ ಬಿಳಿ ಅಂಗಿಯವನು ಮಂತ್ರಿಸಿ ಕೊಟ್ಟದ್ದಂತೆ. ನನಗೆ ಕೇಳದಿರಲು ಆಗಲಿಲ್ಲ.

"ಗೌರಮ್ಮಾರೇ, ಸಣ್ಣಾಕಿ ಇದ್ದಾಗ ಹಾಲಿನ್ಯಾಗ ರೊಟ್ಟಿ ನೆನಸಿ ಕೊಟ್ಟಾಕಿ ನೀವ. ನಿಮಗ ಗೊತ್ತಿಲ್ಲೇನು?"

ಅವರು ಬಸವರಾಜ ದೂರದಲ್ಲಿರುವುದನ್ನು ಖಾತ್ರಿ ಮಾಡಿಕೊಂಡರು. "ಸಣ್ಣಾಕಿ ಇದ್ದಾಗ ಇದ್ದದ್ದು ಬ್ಯಾರೆ, ಈಗಿಂದು ಬ್ಯಾರೆ ಇರಬೌದಲ್ರಿ," ಎಂದರು. ತಾನು ಹೇಳಿದ ಸುಳ್ಳನ್ನು ಅಷ್ಟು ಹೊತ್ತಿಗೆ ತಾನೇ ನಂಬಿಕೊಂಡಿದ್ದಳು ಆ ಹೆಂಗಸು. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತೆ. ಸಂಜೆಯ ಹೊತ್ತಿಗೆ ಸರ್ಜನ್ನು ಟೋಪಿ ತೆಗೆಯುತ್ತ ಹೊರಗೆ ಬಂದು, ಎಲ್ಲ ಸರಿಹೋಯಿತು, ಬಲಗೈ ಬೆಚ್ಚಗಿದೆ, ನಾಡಿ ಚೆನ್ನಾಗಿದೆ ಎಂದರು. ಬಸವರಾಜ ಅಲ್ಲೇ ಗೋಡೆಗೆ ಮುಖವಿಟ್ಟು ಅತ್ತ. ನನಗೂ ಅಳು ಬಂತು. ಆ ಗಳಿಗೆಯಲ್ಲಿ ನನಗೆ ಯಾರ ಮೇಲೂ ಅಸಹ್ಯವಿರಲಿಲ್ಲ.

ಊರಿಗೆ ಬರುವಷ್ಟರಲ್ಲಿ ಮಳೆ ಕಡಿಮೆಯಾಗಿತ್ತು. ಡ್ಯಾಮಿನ ಗೇಟು ಮುಚ್ಚಿದ್ದರು. ನೇತ್ರಾಳ ದನಿ ಸ್ವಲ್ಪ ದಿನ ಒಡೆದಿತ್ತು, ಆಮೇಲೆ ತಿಳಿಯಾಯಿತು. ಗಂಜಿಯಿಂದ ಮೆತ್ತನ್ನಕ್ಕೆ ಬಂದಳು. ಕತ್ತಿನ ಹೊಲಿಗೆ ನೋಡಲು ಓಣಿಯ ಹೆಂಗಸರೆಲ್ಲ ಬಂದರು. ಅತ್ತೆ ಎಲ್ಲರಿಗೂ ಒಂದೇ ಕಥೆ ಹೇಳುತ್ತಿದ್ದರು. ಮದ್ದು ತೆಗೆಯುವವನು ಬೇರನ್ನು ಸಡಿಲ ಮಾಡಿ ಕೊಟ್ಟಿದ್ದನಂತೆ, ಡಾಕ್ಟರು ಕೊಯ್ದು ಉಳಿದದ್ದನ್ನು ತೆಗೆದರಂತೆ, ಅದು ಹೋಗಿ ನಾಳಕ್ಕೇ ಸುತ್ತಿಕೊಂಡಿತ್ತಂತೆ. ಬಿಳಿ ಅಂಗಿಯವನೂ ತನ್ನ ಅಂಗಳದಲ್ಲಿ ಹೊಸಪೇಟೆಯ ಕೇಸೊಂದು ಎಂದು ನಮ್ಮ ಕಥೆಯನ್ನೇ ಹೇಳುತ್ತಾನೆಂದು ಕೇಳಿದೆ. ಅಷ್ಟು ಅಪರೂಪದ ನಾಳವನ್ನು ಹುಡುಕಿದ ಡಾಕ್ಟರಮ್ಮನ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ನಾನು ಸುಮ್ಮನಿದ್ದೆ. ನೇತ್ರಾಳಿಗೆ ಗೊತ್ತಲ್ಲ ಎಂಬ ಒಂದು ಸಮಾಧಾನವಿತ್ತು. ಯಾರು ಏನೇ ಹೇಳಲಿ, ಹಂಪಿಯ ಮಂಟಪದಲ್ಲಿ ಕೂತು ನಿಜ ಹೇಳಿದವಳು ಅವಳು. ಒಂದಲ್ಲ ಒಂದು ದಿನ ತಾನಾಗಿಯೇ ಅತ್ತೆಗೂ ಹೇಳುತ್ತಾಳೆ, ನಾನು ತಿರುಗಿ ನನ್ನ ಒಲೆಯ ಮುಂದೆ ಕೂರುತ್ತೇನೆ ಎಂದುಕೊಂಡಿದ್ದೆ.

ಇನ್ನು ಏನು ಬೇಕಾದರೂ ತಿನ್ನಬಹುದೆಂದು ಡಾಕ್ಟರು ಹೇಳಿಕಳಿಸಿದ ದಿನ, ಅತ್ತೆಗೆ ಮೊಣಕಾಲು ಹಿಡಿದುಕೊಂಡು ಏಳಲಾಗಲಿಲ್ಲ. ನಾನು ಶಾಲೆಯಿಂದ ಬಂದು ರೊಟ್ಟಿ ಬಡಿದೆ. ಬೇಡವೆನ್ನಲು ಅವರಿಗೂ ಬೇರೆ ದಾರಿಯಿರಲಿಲ್ಲ. ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಮಾಡಿ, ಮೊದಲ ಬಿಸಿ ರೊಟ್ಟಿಯನ್ನು ನೇತ್ರಾಳ ತಾಟಿಗೆ ಹಾಕಿ ಅವಳ ಮುಂದಿಟ್ಟೆ. ಹುಟ್ಟಿದಾಗಿನಿಂದ ಆ ಹುಡುಗಿ ಹೆದರಿಕೆಯಿಲ್ಲದೆ ಒಂದು ರೊಟ್ಟಿ ತಿಂದವಳಲ್ಲ. ಮನೆಯವರೆಲ್ಲ ನೋಡುತ್ತಿದ್ದರು. ಅವಳು ಒಂದು ಚೂರು ಮುರಿದಳು, ಪಲ್ಯಕ್ಕೆ ಅದ್ದಿದಳು, ಬಾಯಿಯ ತನಕ ಒಯ್ದು ನಿಲ್ಲಿಸಿದಳು. ಅತ್ತೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಅಕ್ಕಾ," ಎಂದಳು ಅದೇ ಮೆತ್ತನೆಯ ದನಿಯಲ್ಲಿ, ನಾಚಿಕೊಂಡು. "ತಪ್ಪು ತಿಳ್ಕೋಬ್ಯಾಡ್ರಿ. ನೀವ ಮೊದ್ಲ ಒಂದು ತುತ್ತು ತಿನ್ರಿ."

ನಾನು ಅವಳ ಕೈಯಿಂದಲೇ ಆ ತುತ್ತನ್ನು ಇಸಿದುಕೊಂಡು ತಿಂದೆ. ನುಂಗಿದ ಮೇಲೆ ಬಾಯಿ ತೆರೆದು ತೋರಿಸಿದೆ, ಅವಳಿಗೂ, ಅತ್ತೆಗೂ. ಆಗ ಅವಳು ನಿರಾಳವಾಗಿ ಉಂಡಳು. ನೀರು ಮುಟ್ಟದೆ, ಇಡೀ ರೊಟ್ಟಿ.